ಕರೆಂಟು ಬಂದರೂ ಐಸು ಬೀಳದಿದ್ದರೆ

2024ರ ಜುಲೈ 8ರಂದು ಬೆರಿಲ್ ಚಂಡಮಾರುತ ಟೆಕ್ಸಾಸಿನ ಮಾಟಗೋರ್ಡಾ ಬಳಿ ದಡ ಮುಟ್ಟಿತು. ಹ್ಯೂಸ್ಟನ್ ಸುತ್ತಮುತ್ತ 22 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳ ಕರೆಂಟು ಹೋಯಿತು. ಗಾಳಿ ಒಂದೇ ದಿನದಲ್ಲಿ ನಿಂತಿತು, ಸೆಕೆ ನಿಲ್ಲಲಿಲ್ಲ. ಕೆಲವರ ಮನೆಗೆ ಒಂದೆರಡು ದಿನಕ್ಕೆ ಕರೆಂಟು ಬಂತು, ಕೆಲವರಿಗೆ ವಾರ ದಾಟಿದ ಮೇಲೆ. ಎ.ಸಿ. ಶುರುವಾಯಿತು, ಟಿ.ವಿ. ಶುರುವಾಯಿತು, ಫ್ರಿಜ್ಜಿನೊಳಗೆ ದೀಪ ಹತ್ತಿತು. ಆಮೇಲೆ ನನ್ನ ಫೋನು ಬಡಿದುಕೊಳ್ಳಲು ಶುರುವಾಯಿತು. ಎಲ್ಲರದ್ದೂ ಒಂದೇ ದೂರು: ಎಲ್ಲ ಸರಿಯಾಗಿದೆ, ಐಸ್ ಮೇಕರ್ ಮಾತ್ರ ಸತ್ತುಹೋಗಿದೆ.

ನಾನು ಈ ಊರಲ್ಲಿ ಫ್ರಿಜ್ಜು, ವಾಷಿಂಗ್ ಮಷಿನ್ ರಿಪೇರಿ ಮಾಡುವವನು. ಕಸುಬು ಕಲಿತದ್ದು ಶಿವಮೊಗ್ಗದಲ್ಲಿ, ಐಟಿಐನ ರೆಫ್ರಿಜರೇಶನ್ ಟ್ರೇಡಿನಲ್ಲಿ. ಈಗ ಷುಗರ್ ಲ್ಯಾಂಡ್, ಕೇಟಿ, ಪಿಯರ್‌ಲ್ಯಾಂಡ್ ಕಡೆಯ ಮನೆಗಳಲ್ಲಿ ಕೆಲಸ. ಅಲ್ಲಿ ಕನ್ನಡದವರ ಮನೆಗಳೂ ಸಾಕಷ್ಟಿವೆ. ಬಿರುಗಾಳಿಯ ನಂತರ ಹೀಗೆ ಕರೆದವರ ಮನೆಗಳಲ್ಲಿ ನಿಜವಾಗಿ ಕೆಟ್ಟಿದ್ದ ಐಸ್ ಮೇಕರುಗಳು ತೀರ ಕಡಿಮೆ. ಉಳಿದವು ಕಾಯುತ್ತಿದ್ದವು. ಕೆಲವು ಥಂಡಿಗಾಗಿ, ಕೆಲವು ನೀರಿಗಾಗಿ, ಇನ್ನು ಕೆಲವು ಯಾರಾದರೂ ಒಂದು ಗುಂಡಿ ಒತ್ತಲಿ ಅಂತ. ಯಾತಕ್ಕೆ ಕಾಯುತ್ತಿದೆ ಅನ್ನುವುದನ್ನು ಮನೆಯವರೇ ಕಂಡುಹಿಡಿಯಬಹುದು. ಇಷ್ಟು ಗೊತ್ತಿಲ್ಲದೆ ಜನ ನೂರಾರು ಡಾಲರ್ ಕೊಟ್ಟು ಹೊಸ ಯಂತ್ರ ಹಾಕಿಸುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಫ್ರಿಜ್ಜಿನ ಐಸೆಂದರೆ ತಟ್ಟೆಯಲ್ಲಿ ನೀರು ತುಂಬಿ ಇಟ್ಟು, ಬೇಕಾದಾಗ ತಿರುಚಿ ತೆಗೆಯುವುದು. ಈ ದೇಶದಲ್ಲಿ ಅದು ನಲ್ಲಿಯ ನೀರಿನಷ್ಟೇ ಸಹಜ. ಬಾಗಿಲಿಗೆ ಲೋಟ ಒತ್ತಿದರೆ ಐಸು ಬೀಳಬೇಕು. ಮನೆಯ ಫ್ರಿಜ್ಜಿನಲ್ಲಿ ತಾನಾಗಿಯೇ ಐಸು ಮಾಡುವ ಯಂತ್ರವನ್ನು ಸರ್ವೆಲ್ ಕಂಪನಿ 1953ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೂ ನೂರು ವರ್ಷ ಹಿಂದೆ, ಇದೇ ಮೆಕ್ಸಿಕೋ ಕೊಲ್ಲಿಯ ದಡದ ಅಪಲಾಚಿಕೋಲಾ ಎಂಬ ಊರಲ್ಲಿ ಜಾನ್ ಗೋರಿ ಎಂಬ ವೈದ್ಯರು ಜ್ವರದ ರೋಗಿಗಳ ಕೋಣೆ ತಂಪು ಮಾಡಲಿಕ್ಕೆಂದು ಐಸಿನ ಯಂತ್ರ ಕಟ್ಟಿ, 1851ರಲ್ಲಿ ಪೇಟೆಂಟ್ ಪಡೆದಿದ್ದರು. ಕೊಲ್ಲಿಯ ದಡದ ಸೆಕೆ ಅಂಥದ್ದು. ಜುಲೈ ತಿಂಗಳಲ್ಲಿ, ಕರೆಂಟಿಲ್ಲದ ಮನೆಯಲ್ಲಿ, ವಯಸ್ಸಾದವರಿಗೆ ಐಸು ಷೋಕಿಯ ವಸ್ತುವಲ್ಲ. ಹಣೆಗೆ ಒತ್ತಿಕೊಳ್ಳಲು ಬೇಕು, ಇನ್ಸುಲಿನ್ ಇಟ್ಟ ಪೆಟ್ಟಿಗೆಯನ್ನು ತಂಪಾಗಿಡಲು ಬೇಕು. (ಇನ್ಸುಲಿನ್ ಐಸಿಗೆ ನೇರವಾಗಿ ತಾಗಬಾರದು. ಹೆಪ್ಪುಗಟ್ಟಿದರೆ ಅದು ಉಪಯೋಗಕ್ಕೆ ಬರುವುದಿಲ್ಲ. ನಡುವೆ ಒಂದು ಬಟ್ಟೆ ಇರಲಿ.)

ಈಗ ಯಂತ್ರದ ವಿಷಯ. ಅಮೆರಿಕದ ಹೆಚ್ಚಿನ ಫ್ರಿಜ್ಜುಗಳಲ್ಲಿರುವ ಹಳೆಯ ನಮೂನೆಯನ್ನೇ ತೆಗೆದುಕೊಳ್ಳೋಣ. ಅದು ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಫ್ರೀಜರಿನ ಮೇಲುಗಡೆ ಅಲ್ಯೂಮಿನಿಯಮ್ಮಿನ ಒಂದು ಅಚ್ಚು ಇರುತ್ತದೆ. ಏಳೆಂಟು ಅರ್ಧಚಂದ್ರದ ಗುಳಿಗಳು. ಹಿಂದಿನ ಗೋಡೆಯಿಂದ ಬರುವ ಸಣ್ಣ ಕೊಳವೆಯೊಂದು ಅದಕ್ಕೆ ನೀರು ಬಿಡುತ್ತದೆ, ಸುಮಾರು ಏಳೂವರೆ ಸೆಕೆಂಡು, ಹತ್ತಿರ ಹತ್ತಿರ 140 ಮಿಲಿಲೀಟರ್. ಅಷ್ಟೇ. ಆಮೇಲೆ ಯಂತ್ರ ಏನೂ ಮಾಡದೆ ಸುಮ್ಮನಿರುತ್ತದೆ. ಫ್ರೀಜರಿನ ಥಂಡಿಗಾಳಿ ಆ ನೀರನ್ನು ಗಟ್ಟಿ ಮಾಡುತ್ತದೆ.

ಅಚ್ಚಿಗೆ ಅಂಟಿಕೊಂಡಂತೆ ಒಂದು ಸಣ್ಣ ಥರ್ಮೋಸ್ಟಾಟ್ ಇದೆ. ಇಡೀ ಯಂತ್ರದ ಯಜಮಾನ ಅದೇ. ಅಚ್ಚು ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದಾಗ ಅದು ಮೋಟರಿಗೂ ಅಚ್ಚಿನ ಕೆಳಗಿನ ಹೀಟರಿಗೂ ಕರೆಂಟು ಬಿಡುತ್ತದೆ. ಹೌದು, ಐಸು ಮಾಡುವ ಯಂತ್ರದೊಳಗೆ ಹೀಟರೂ ಇದೆ, 185 ವ್ಯಾಟಿನಷ್ಟರದ್ದು. ಅದು ಐಸಿನ ಅಂಚನ್ನು ಕೂದಲೆಳೆಯಷ್ಟು ಕರಗಿಸಿ ಅಚ್ಚಿನಿಂದ ಬಿಡಿಸುತ್ತದೆ. ಮೋಟರಿಗೆ ಸಿಕ್ಕಿಸಿದ ಬೆರಳುಗಳು ಐಸನ್ನು ಒತ್ತಿ ಹಿಡಿದು, ಅದು ಸಡಿಲವಾದ ಕ್ಷಣ ಡಬ್ಬಿಗೆ ತಳ್ಳುತ್ತವೆ. ಜೊತೆಗೆ ಒಂದು ತಂತಿಯ ಕೈ ಮೇಲೆದ್ದು ಕೆಳಗಿಳಿಯುತ್ತದೆ. ಡಬ್ಬಿ ತುಂಬಿದ್ದರೆ ಆ ಕೈ ಐಸಿನ ಮೇಲೆಯೇ ನಿಂತು, ಸಾಕು ಎಂದು ಯಂತ್ರವನ್ನು ತಡೆಯುತ್ತದೆ. ಖಾಲಿ ಇದ್ದರೆ ಕೆಳಗಿಳಿಯುತ್ತದೆ, ನೀರಿನ ವಾಲ್ವ್ ತೆರೆಯುತ್ತದೆ, ಮತ್ತೆ ಏಳೂವರೆ ಸೆಕೆಂಡು ನೀರು. ಒಂದು ಸುತ್ತಿಗೆ ಒಂದೂವರೆ ಎರಡು ಗಂಟೆ ಹಿಡಿಯುತ್ತದೆ. ಇಡೀ ದಿನಕ್ಕೆ ಒಂದೂವರೆ, ಎರಡು ಕಿಲೋ ಐಸು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಈ ಯಂತ್ರದಲ್ಲಿ ಗಡಿಯಾರದ ಲೆಕ್ಕಕ್ಕಿಂತ ಥಂಡಿಯ ಲೆಕ್ಕ ದೊಡ್ಡದು. ಅಚ್ಚು ಮೈನಸ್ 9ಕ್ಕೆ ಇಳಿಯದೆ ಮೋಟರು ಮಿಸುಕುವುದಿಲ್ಲ. ಮೋಟರು ಸುತ್ತು ಮುಗಿಸದೆ ಹೊಸ ನೀರು ಬರುವುದಿಲ್ಲ. ದಿನಗಟ್ಟಲೆ ಆರಿದ್ದ ಫ್ರೀಜರಿಗೆ ಕರೆಂಟು ಬಂದಾಗ ಅದು ಮೊದಲು ತನ್ನ ಗೋಡೆಗಳನ್ನು, ಆಮೇಲೆ ಒಳಗಿರುವ ಸಾಮಾನನ್ನು ತಣ್ಣಗೆ ಮಾಡಬೇಕು. ಐಸ್ ಮೇಕರ್ ಊಟದ ಪಂಕ್ತಿಯಲ್ಲಿ ಕೊನೆಯ ಎಲೆಯ ಮುಂದೆ ಕುಳಿತ ಹಾಗೆ. ಬಡಿಸುವವರು ಅಲ್ಲಿಗೆ ಬರುವಾಗ ತಡವಾಗಿಯೇ ಆಗುತ್ತದೆ. ಬೆಚ್ಚಗಾದ ಫ್ರೀಜರು ಮೈನಸ್ 18ಕ್ಕೆ ಇಳಿದು ನಿಲ್ಲಲು ಇಡೀ ಒಂದು ದಿನ ಬೇಕು. ಕರೆಂಟು ಬಂದ ಖುಷಿಯಲ್ಲಿ ಅಂಗಡಿಯಿಂದ ಸಾಮಾನು ತಂದು ತುಂಬಿಬಿಟ್ಟರಂತೂ ಇನ್ನೂ ಹೆಚ್ಚು.

ಆದ್ದರಿಂದ ಕರೆಂಟು ಬಂದ ಮೇಲೆ 24 ಗಂಟೆ ಕಾಯಿರಿ. ಬಾಗಿಲನ್ನು ಪದೇಪದೇ ತೆರೆದು ಐಸು ಬಿತ್ತೇ ಎಂದು ನೋಡಬೇಡಿ. ತೆರೆದ ಪ್ರತಿ ಸಲವೂ ಹ್ಯೂಸ್ಟನ್ನಿನ ಒದ್ದೆ ಗಾಳಿ ಒಳಗೆ ನುಗ್ಗಿ ಹಿಂದಿನ ಕಾಯಿಲ್ ಮೇಲೆ ಹಿಮವಾಗಿ ಕೂರುತ್ತದೆ. ಕಂಪ್ರೆಸರ್ ಶುರುವಾಗಲಿಲ್ಲವೆಂದು ಪ್ಲಗ್ಗು ಕಿತ್ತು ಹಾಕಿ, ಕಿತ್ತು ಹಾಕಿ ಮಾಡುವುದೂ ಬೇಡ. ಒಳಗಿನ ಗ್ಯಾಸಿನ ಒತ್ತಡ ಎರಡೂ ಕಡೆ ಸಮನಾಗಲು ಮೂರರಿಂದ ಐದು ನಿಮಿಷ ಬೇಕು, ಅದಕ್ಕೆ ಮುಂಚೆ ಒತ್ತಾಯ ಮಾಡಿದರೆ ಕಂಪ್ರೆಸರಿಗೇ ಏಟು. ಕೆಲವು ಡಾಲರಿಗೆ ಸಿಗುವ ಫ್ರೀಜರ್ ಥರ್ಮಾಮೀಟರ್ ಒಂದನ್ನು ತಂದು ಪೊಟ್ಟಣಗಳ ನಡುವೆ ಇಡಿ. ನನ್ನ ಪ್ರಕಾರ ಪ್ರತಿ ಅಡಿಗೆಮನೆಯಲ್ಲೂ ಇರಬೇಕಾದ ಸಾಧನ ಅದು. ಅದರ ಮುಳ್ಳು ಮೈನಸ್ 18ರ ಹತ್ತಿರ ಬರುವ ತನಕ ಐಸ್ ಮೇಕರಿನ ಮೇಲೆ ಯಾವ ಆರೋಪವನ್ನೂ ಹೊರಿಸಬೇಡಿ.

ಒಂದು ದಿನ ಕಳೆದು, ಥಂಡಿಯೂ ಸರಿಯಾಗಿದ್ದು, ಐಸು ಬಿದ್ದಿಲ್ಲ ಅಂದರೆ ಡಬ್ಬಿಯನ್ನು ನೋಡಬೇಕು. ಷುಗರ್ ಲ್ಯಾಂಡಿನಲ್ಲಿ ಹಾಸನದ ಕಡೆಯ ಒಬ್ಬ ತಾಯಿ ಮಗನ ಮನೆಯಲ್ಲಿದ್ದಾರೆ. ಬೆರಿಲ್ ಹೋದ ಮೇಲೆ ಅವರಲ್ಲಿಗೆ ಹೋಗಿದ್ದೆ. ಬಾಗಿಲಲ್ಲೇ ಶುರುಮಾಡಿದರು.

“ನೋಡಪ್ಪ, ದೀಪ ಹತ್ಕೊಂಡಿದೆ, ಹಾಲೂ ತಣ್ಣಗಿದೆ. ಐಸ್ ಮಾತ್ರ ಒಂದೂ ಬಿದ್ದಿಲ್ಲ. ಮಗ ಹೊಸ ಫ್ರಿಜ್ಜೇ ತಂದುಬಿಡ್ತೀನಿ ಅಂತಾನೆ.”

“ತಾಳಿ ಅಮ್ಮ, ಮೊದಲು ಆ ಡಬ್ಬಿ ಹೊರಗೆ ತೆಗೆಯೋಣ.”

ಡಬ್ಬಿ ಎಳೆದರೆ ಬರಲಿಲ್ಲ. ಕರೆಂಟಿಲ್ಲದ ದಿನಗಳಲ್ಲಿ ಒಳಗಿದ್ದ ಐಸು ಅರೆಬರೆ ಕರಗಿ, ಕರೆಂಟು ಬಂದ ಮೇಲೆ ನೀರೂ ತುಂಡುಗಳೂ ಸೇರಿ ಒಂದೇ ಬಂಡೆಯಾಗಿತ್ತು. ಬಂಡೆಯ ಒಂದು ಮೂಲೆ ಉಬ್ಬಿ ತಂತಿಯ ಕೈಯನ್ನು ಮೇಲಕ್ಕೆತ್ತಿ ಹಿಡಿದಿತ್ತು. ಯಂತ್ರದ ಕಣ್ಣಿಗೆ ಡಬ್ಬಿ ತುಂಬಿದೆ, ಇನ್ನು ಐಸು ಬೇಡ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ಅವರು ಆಗಲೇ ಒಲೆಯ ಕಡೆ ಹೊರಟಿದ್ದರು. “ನೀರು ಕುದಿಸ್ಲಾ?”

“ಬೇಡಮ್ಮ, ಉಗುರುಬೆಚ್ಚಗಿದ್ರೆ ಸಾಕು. ಕುದಿಯೋ ನೀರು ಹುಯ್ದ್ರೆ ತಣ್ಣಗಿರೋ ಪ್ಲಾಸ್ಟಿಕ್ಕು ಸೀಳಿಬಿಡುತ್ತೆ.”

ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಅಂಚಿಗೆ ಒತ್ತಿಹಿಡಿದು ಡಬ್ಬಿ ಬಿಡಿಸಿ, ಸಿಂಕಿನಲ್ಲಿ ಬೋರಲು ಹಾಕಿದೆವು. ಬಂಡೆ ಜಾರಿ ಬಿತ್ತು. ಡಬ್ಬಿಯ ತಳದಲ್ಲಿ ಐಸನ್ನು ಮುಂದಕ್ಕೆ ತಳ್ಳುವ ಸುರುಳಿಯಿತ್ತು. ಅದರ ಸಂದಿಯಲ್ಲಿ ಕಚ್ಚಿಕೊಂಡಿದ್ದ ತುಂಡುಗಳು ಕರಗುವ ತನಕ ಕಾದೆವು. ಸೋಪಿನ ನೀರಲ್ಲಿ ತೊಳೆದು, ಚೆನ್ನಾಗಿ ಒರೆಸಿ, ಒಣಗಿಸಿ ಹಾಕಿದೆ. ಒದ್ದೆ ಡಬ್ಬಿ ಹಾಕಿದರೆ ಹೊಸ ತುಂಡುಗಳೂ ತಳಕ್ಕೆ ಅಂಟಿಕೊಳ್ಳುತ್ತವೆ. ತಂತಿಯ ಕೈ ಕೆಳಗಿಳಿಸಿದೆ. ಕೆಳಗಿದ್ದರೆ ಚಾಲೂ, ಮೇಲಿದ್ದರೆ ಬಂದ್. ಒಂದು ಬಿಡಿಭಾಗವೂ ಬದಲಾಗಲಿಲ್ಲ. ಮಾರನೆಯ ದಿನ ಫೋನು ಬಂತು: “ಬಿತ್ತಪ್ಪ!” ಮೊದಲ ಎರಡು ಮೂರು ಸಲ ಬೀಳುವುದನ್ನು ಚೆಲ್ಲಿಬಿಡಿ ಎಂದೆ.

ಚೆಲ್ಲಿ ಎಂದದ್ದಕ್ಕೆ ಕಾರಣವಿದೆ. ಫ್ರೀಜರಿನಲ್ಲಿ ಕರಗಿದ್ದೆಲ್ಲ ಐಸಿಗೆ ವಾಸನೆ ಬಿಡುತ್ತದೆ, ಮೀನಾಗಲಿ, ಹೆಚ್ಚಿಟ್ಟ ಈರುಳ್ಳಿಯಾಗಲಿ. ಕರಗಿ ಮತ್ತೆ ಗಟ್ಟಿಯಾದ ಹಳೆಯ ಐಸನ್ನು ಯಾವ ಕಾರಣಕ್ಕೂ ಪಾನಕಕ್ಕೆ ಹಾಕಬೇಡಿ. ಕೊಳವೆಯಲ್ಲಿ ದಿನಗಟ್ಟಲೆ ನಿಂತ ನೀರಿನಿಂದ ಆದ ಮೊದಲ ತುಂಡುಗಳನ್ನೂ ಅಷ್ಟೇ. ಮಕ್ಕಳು ಬಾಯಿಗೇ ಹಾಕಿಕೊಂಡು ಚೀಪುವ ವಸ್ತು ಇದು. ಇದರಲ್ಲಿ ಉಳಿತಾಯ ನೋಡಬಾರದು. ಅಡಿಗೆಯ ಪದಾರ್ಥಗಳಿಗೂ ಇಲ್ಲಿನ ಕೃಷಿ ಇಲಾಖೆಯ ನಿಯಮ ಸರಳವಾಗಿದೆ. ಬಾಗಿಲು ಮುಚ್ಚಿಯೇ ಇದ್ದರೆ ಫ್ರಿಜ್ಜು 4 ಗಂಟೆ, ತುಂಬಿದ ಫ್ರೀಜರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಥಂಡಿ ಉಳಿಸಿಕೊಳ್ಳುತ್ತದೆ. ಅದಕ್ಕೂ ಮೀರಿದರೆ ಹಾಲು, ಮೊಸರು, ಮಾಂಸ, ಬೇಯಿಸಿದ ಸಾರು ಪಲ್ಯಗಳನ್ನು ರುಚಿ ನೋಡಿ ತೀರ್ಮಾನಿಸಲು ಹೋಗಬೇಡಿ.

ಹೊಸ ಫ್ರಿಜ್ಜುಗಳಲ್ಲಿ ತಂತಿಯ ಕೈಯ ಬದಲು ಕಣ್ಣಿಗೆ ಕಾಣದ ಬೆಳಕಿನ ಕಿರಣವೊಂದು ಡಬ್ಬಿಯ ಮೇಲೆ ಅಡ್ಡ ಹಾಯುತ್ತದೆ. ಒಂದು ಗೋಡೆಯಲ್ಲಿ ಬಿಡುವ ಕಣ್ಣು, ಎದುರು ಗೋಡೆಯಲ್ಲಿ ಹಿಡಿಯುವ ಕಣ್ಣು. ಐಸು ಅಡ್ಡ ಬಂದರೆ ಯಂತ್ರ ನಿಲ್ಲುತ್ತದೆ. ಕರಗಿದ ನೀರು ಚಿಮ್ಮಿ ಆ ಕಣ್ಣಿನ ಮೇಲೆ ಹಿಮ ಕಟ್ಟಿದರೂ ಅದಕ್ಕೆ ಡಬ್ಬಿ ತುಂಬಿದ ಹಾಗೇ ಕಾಣುತ್ತದೆ. ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿದರೆ ಸಾಕು.

ನೀರಿನ ಕಥೆ ಸ್ವಲ್ಪ ಉದ್ದ. ಬಾಗಿಲಲ್ಲಿ ಕುಡಿಯುವ ನೀರಿನ ನಲ್ಲಿಯೂ ಇದ್ದರೆ ಪರೀಕ್ಷೆ ಸುಲಭ. ಲೋಟ ಒತ್ತಿ ನೋಡಿ. ಐಸಿಗೂ ಕುಡಿಯುವ ನೀರಿಗೂ ವಾಲ್ವ್ ಬೇರೆ ಬೇರೆ, ಆದರೆ ಬರುವ ಪೈಪು ಒಂದೇ, ಫಿಲ್ಟರೂ ಸಾಮಾನ್ಯವಾಗಿ ಒಂದೇ. ಲೋಟಕ್ಕೆ ನೀರು ಸಣ್ಣಗೆ, ಉಸಿರು ಕಟ್ಟಿದ ಹಾಗೆ ಬಂದರೆ ತೊಂದರೆ ಇರುವುದು ಹಿಂದೆ: ಪೈಪಿನಲ್ಲಿ, ಫಿಲ್ಟರಿನಲ್ಲಿ ಅಥವಾ ಮನೆಯ ನೀರಿನ ಒತ್ತಡದಲ್ಲಿ. ಧಾರಾಳವಾಗಿ ಬಂದರೆ ತೊಂದರೆ ಮುಂದೆ ಇದೆ, ಐಸಿನ ವಾಲ್ವಿನಿಂದ ಅಚ್ಚಿನವರೆಗಿನ ದಾರಿಯಲ್ಲಿ. ಈ ಒಂದು ಲೋಟದ ಪರೀಕ್ಷೆಯಿಂದ ಅರ್ಧ ಹುಡುಕಾಟ ಮುಗಿಯುತ್ತದೆ.

ಊರಾಚೆ ಸ್ವಂತ ಬೋರ್‌ವೆಲ್ ಇರುವ ಮನೆಗಳಲ್ಲಿ ಕರೆಂಟು ಹೋದರೆ ಪಂಪೂ ನಿಂತು ನೀರೂ ಹೋಗುತ್ತದೆ. ತಿರುಗಿ ಬರುವಾಗ ಪೈಪಿನಲ್ಲಿ ಗಾಳಿಯೂ, ತಳದಲ್ಲಿ ಕೂತಿದ್ದ ಹೂಳೂ ಎದ್ದು ಬರುತ್ತವೆ. ಹೂಳು ಫಿಲ್ಟರನ್ನು ಮುಚ್ಚುತ್ತದೆ, ವಾಲ್ವಿನ ಬಾಯಲ್ಲಿರುವ ಸಣ್ಣ ಜಾಲರಿಯನ್ನೂ ಮುಚ್ಚುತ್ತದೆ. ಅಂಥ ಮನೆಯವರು ಮೊದಲು ಬೇರೆ ನಲ್ಲಿಗಳನ್ನು ಬಿಟ್ಟು ನೀರು ತಿಳಿಯಾಗುವ ತನಕ ಹರಿಸಬೇಕು. ಆಮೇಲೆ ಫ್ರಿಜ್ಜಿನ ನಲ್ಲಿಯಿಂದ ಒಂದೆರಡು ಜಗ್ಗು ನೀರು ತೆಗೆದು ಚೆಲ್ಲಬೇಕು. ಫಿಲ್ಟರ್ ಹಾಕಿ ಆರು ತಿಂಗಳಾಗಿದ್ದರೆ ಅದನ್ನು ಬದಲಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಟೆಕ್ಸಾಸಿನಲ್ಲಿ ಲಕ್ಷಾಂತರ ಮನೆಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ಪೈಪುಗಳು ಹೆಪ್ಪುಗಟ್ಟಿ ಒಡೆದವು. ಊರಿನ ನೀರಿನ ಒತ್ತಡ ಕುಸಿದು, 17ರಿಂದ 21ರವರೆಗೆ ಹ್ಯೂಸ್ಟನ್ನಿನವರೆಲ್ಲ ನೀರು ಕುದಿಸಿಯೇ ಕುಡಿಯಬೇಕೆಂದು ನಗರದವರು ಸಾರಿದರು. ಆ ದಿನಗಳಲ್ಲಿ ಐಸ್ ಮೇಕರಿನ ನೆನಪು ಎಷ್ಟೋ ಜನರಿಗೆ ಇರಲಿಲ್ಲ. ಕುಡಿಯುವ ನೀರನ್ನು ಕುದಿಸಿ, ಅದಕ್ಕೆ ಕುದಿಸದ ನೀರಿನ ಐಸು ಹಾಕಿದವರನ್ನು ಕಂಡು ನನ್ನ ಜೀವ ಝಲ್ಲೆಂದಿತು. ಫಿಲ್ಟರ್ ಇದೆಯಲ್ಲ ಎಂಬ ಧೈರ್ಯ ಬೇಡ, ಫ್ರಿಜ್ಜಿನ ಸಾಮಾನ್ಯ ಫಿಲ್ಟರ್ ರೋಗಾಣುಗಳನ್ನು ತಡೆಯಲಿಕ್ಕೆ ಮಾಡಿದ್ದಲ್ಲ. ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣು ಸಾಯುವುದೂ ಇಲ್ಲ. ಕುದಿಸುವ ಸೂಚನೆ ಬಂದ ಕೂಡಲೇ ಐಸ್ ಮೇಕರ್ ಬಂದ್ ಮಾಡಿ. ಸೂಚನೆ ಹಿಂತೆಗೆದ ಮೇಲೆ ಇದ್ದ ಐಸನ್ನೆಲ್ಲ ಚೆಲ್ಲಿ, ಡಬ್ಬಿ ತೊಳೆದು, ಕೊಳವೆ ಹರಿಸಿ, ಫಿಲ್ಟರ್ ಬದಲಿಸಿ, ಎರಡು ಮೂರು ಸುತ್ತಿನ ಹೊಸ ಐಸನ್ನೂ ಚೆಲ್ಲಿ.

ಆ ಚಳಿಗಾಲದ ಕರೆಗಳಲ್ಲಿ ಇನ್ನೊಂದು ಸಂಗತಿ ಮತ್ತೆ ಮತ್ತೆ ಕಾಣಿಸಿತು. ಪೈಪು ಒಡೆದೀತೆಂಬ ಭಯಕ್ಕೆ ಜನ ಸಿಕ್ಕ ಸಿಕ್ಕ ವಾಲ್ವುಗಳನ್ನೆಲ್ಲ ತಿರುಗಿಸಿ ಮುಚ್ಚಿದ್ದರು. ಆಮೇಲೆ ಮುಖ್ಯ ವಾಲ್ವ್ ತೆರೆದರು. ಫ್ರಿಜ್ಜಿನ ಹಿಂದೆ ಅಥವಾ ಸಿಂಕಿನ ಕೆಳಗೆ ಇರುವ ಪುಟ್ಟ ವಾಲ್ವನ್ನು ಮರೆತರು. ನೀರು ಬರುತ್ತಿಲ್ಲವೆಂದರೆ ಮೊದಲು ಅದನ್ನು ನೋಡಿ.

ಲೋಟದ ಪರೀಕ್ಷೆಯಲ್ಲಿ ನೀರು ಧಾರಾಳವಾಗಿ ಬಂದೂ ಅಚ್ಚು ಒಣಗಿದ್ದರೆ ನನ್ನ ಮೊದಲ ಅನುಮಾನ ಫ್ರೀಜರಿನೊಳಕ್ಕೆ ಬರುವ ಆ ಕೊಳವೆಯ ತುದಿಯ ಮೇಲೆ. ನೀರಿನ ವಾಲ್ವ್ ಬಿಗಿಯಾಗಿ ಮುಚ್ಚಿಕೊಳ್ಳಲು ನೀರಿನದೇ ಒತ್ತಡ ಬೇಕು. ಊರಿನ ಒತ್ತಡ ಕುಸಿದಾಗ ವಾಲ್ವ್ ಸರಿಯಾಗಿ ಮುಚ್ಚದೆ ಹನಿ ಹನಿ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ನೀರು ಕೊಳವೆಯ ಬಾಯಲ್ಲೇ ಗಟ್ಟಿಯಾಗಿ ಬಿರಡೆ ಹಾಕಿದಂತಾಗುತ್ತದೆ. ಇದನ್ನು ಬಿಡಿಸಲು ಫ್ರಿಜ್ಜಿನ ಪ್ಲಗ್ಗು ಕೀಳಬೇಕು, ಇದು ಕಡ್ಡಾಯ. ಆಮೇಲೆ ಬೆಚ್ಚಗಿನ ನೀರನ್ನು ಪಿಚಕಾರಿಯಲ್ಲಿ ಕೊಳವೆಯ ಬಾಯಿಗೆ ಸ್ವಲ್ಪ ಸ್ವಲ್ಪವೇ ಬಿಡಿ. ಕೆಳಗೆ ಟವೆಲ್ ಇರಲಿ. ಕೂದಲು ಒಣಗಿಸುವ ಡ್ರೈಯರನ್ನೂ ಬಳಸಬಹುದು, ಕಡಿಮೆ ಬಿಸಿಯಲ್ಲಿ, ಒಂದೇ ಕಡೆ ಹಿಡಿಯದೆ, ಒದ್ದೆ ಕೈಯಲ್ಲಿ ಮುಟ್ಟದೆ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆದಕುವುದು ಬೇಡವೇ ಬೇಡ. ಒಳಗೋಡೆಯ ಹಿಂದೆ ಗ್ಯಾಸಿನ ಕೊಳವೆಗಳಿರುವ ಜಾಗಕ್ಕೆ ಒಂದು ತೂತು ಬಿದ್ದರೆ ಇಡೀ ಫ್ರಿಜ್ಜೇ ಹೋದಂತೆ.

ಇದರ ಜೊತೆಗೆ ಫ್ರೀಜರಿನ ಹಿಂಬದಿಯ ಫ್ಯಾನಿನ ಸದ್ದನ್ನೂ ಕೇಳಿಸಿಕೊಳ್ಳಿ. ಕರಗಿದ ಹಿಮದ ನೀರು ಕೆಳಗೆ ಹರಿದು ಹೋಗುವ ಮೊದಲೇ ಮತ್ತೆ ಗಟ್ಟಿಯಾಗಿ ಫ್ಯಾನಿನ ರೆಕ್ಕೆಗೆ ತಾಗಿದರೆ ಟಕಟಕ ಸದ್ದು ಬರುತ್ತದೆ, ಇಲ್ಲವೇ ಸದ್ದೇ ಇರುವುದಿಲ್ಲ. ಥಂಡಿಗಾಳಿ ಅಚ್ಚಿನವರೆಗೆ ಹೋಗುವುದಿಲ್ಲ. ಸಾಮಾನನ್ನು ಐಸ್ ಬಾಕ್ಸಿಗೆ ಸಾಗಿಸಿ, ಪ್ಲಗ್ಗು ಕಿತ್ತು, ಬಾಗಿಲು ತೆರೆದು ಒಂದು ಇಡೀ ದಿನ ಕರಗಲು ಬಿಡುವುದೇ ಇದಕ್ಕೆ ಮದ್ದು. ಬೇಸರದ ಕೆಲಸ, ಆದರೆ ಖರ್ಚಿಲ್ಲ.

ಎಲೆಕ್ಟ್ರಾನಿಕ್ ಬೋರ್ಡು ಬಂದ ಮೇಲೆ ಹೊಸದೊಂದು ತೊಂದರೆ ಸೇರಿಕೊಂಡಿದೆ. ಕರೆಂಟು ಹೋಗಿ, ಬಂದು, ಮತ್ತೆ ಹೋಗಿ ಮಾಡುವಾಗ ಬೋರ್ಡು ತಬ್ಬಿಬ್ಬಾಗುತ್ತದೆ. ಬಾಗಿಲ ಫಲಕದಲ್ಲಿ ಐಸಿನ ಗುಂಡಿ ಬಂದ್ ಸ್ಥಿತಿಗೆ ಹೋಗಿರಬಹುದು. ಕೆಲವು ಫ್ರಿಜ್ಜುಗಳು ಅಂಗಡಿಯಲ್ಲಿ ಪ್ರದರ್ಶನಕ್ಕಿಡುವ ಡೆಮೊ ಸ್ಥಿತಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಗುಂಡಿಗಳನ್ನು ಗಾಬರಿಯಲ್ಲಿ ಒತ್ತಿದಾಗ ಹೀಗಾಗುವುದೇ ಹೆಚ್ಚು. ದೀಪ ಉರಿಯುತ್ತದೆ, ಫಲಕ ಹೊಳೆಯುತ್ತದೆ, ಕಂಪ್ರೆಸರ್ ಮಾತ್ರ ಓಡುವುದಿಲ್ಲ. ದೀಪ ಇದೆಯೆಂದರೆ ಥಂಡಿ ಇದೆಯೆಂದು ನಂಬಬಾರದು ಅನ್ನುವುದು ಅದಕ್ಕೇ. ಅದರಿಂದ ಹೊರಬರುವ ಗುಂಡಿಗಳ ಜೋಡಿ ಆಯಾ ಫ್ರಿಜ್ಜಿನ ಪುಸ್ತಕದಲ್ಲಿದೆ. ಬೋರ್ಡು ಬರೀ ತಬ್ಬಿಬ್ಬಾಗಿದ್ದರೆ ಪ್ಲಗ್ಗು ಕಿತ್ತು, ಐದಾರು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ. ಬೋರ್ಡಿನ ತಲೆ ತಿಳಿಯಾಗುವುದಕ್ಕೆ ಹೆಚ್ಚಿನ ಸಲ ಅಷ್ಟು ಸಾಕು.

ಕೊರಿಯಾದ ಕಂಪನಿಗಳ ಅನೇಕ ಫ್ರಿಜ್ಜುಗಳಲ್ಲಿ ಅಲ್ಯೂಮಿನಿಯಮ್ ಅಚ್ಚೂ ಇಲ್ಲ, ಹೀಟರೂ ಇಲ್ಲ. ಪ್ಲಾಸ್ಟಿಕ್ ತಟ್ಟೆಯನ್ನೇ ಮೋಟರು ತಿರುಚುತ್ತದೆ, ನಾವು ಊರಲ್ಲಿ ಕೈಯಿಂದ ತಿರುಚುತ್ತಿದ್ದ ಹಾಗೆಯೇ. ಯಂತ್ರದ ಪಕ್ಕದಲ್ಲೋ ಕೆಳಗೋ ಒಂದು ಪರೀಕ್ಷೆಯ ಗುಂಡಿ ಇರುತ್ತದೆ. ಅದನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ತಟ್ಟೆ ಒಂದು ಸಲ ತಿರುಗಿ, ಮರಳಿ, ನೀರು ತುಂಬಿಕೊಳ್ಳಬೇಕು. ತಟ್ಟೆ ತಿರುಗಿ ನೀರು ಬಾರದಿದ್ದರೆ ನೀರಿನ ದಾರಿ ನೋಡಿ. ತಟ್ಟೆಯೇ ತಿರುಗದಿದ್ದರೆ ಆಗ ಮೆಕ್ಯಾನಿಕ್ಕನ್ನು ಕರೆಯಿರಿ. ತಟ್ಟೆಯಲ್ಲಿ ಗಟ್ಟಿಯಾಗದ ನೀರಿದ್ದರೆ ಅದು ಡಬ್ಬಿಗೇ ಬೀಳುತ್ತದೆ, ಆದ್ದರಿಂದ ಮೊದಲು ಒಂದು ಟವೆಲ್ ಹಾಸಿಕೊಳ್ಳಿ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಈಗ ಎರಡು ಬಾಗಿಲ, ನಾಲ್ಕು ಬಾಗಿಲ ಐಸ್ ಮೇಕರ್ ಫ್ರಿಜ್ಜುಗಳು ಬಂದಿವೆ. ನನ್ನ ತಂಗಿಯ ಮನೆಯಲ್ಲೂ ಇದೆ. ಅಲ್ಲಿನವರು ಒಂದು ಲೆಕ್ಕ ತಿಳಿದಿರಬೇಕು. ಪೈಪಿಗೆ ಜೋಡಿಸುವ ಐಸ್ ಮೇಕರಿಗೆ ಕನಿಷ್ಠ 20 ಪಿಎಸ್‌ಐ ಒತ್ತಡದ ನೀರು ಬೇಕು, ಕೆಲವು ಕಂಪನಿಗಳು ಇನ್ನೂ ಹೆಚ್ಚು ಕೇಳುತ್ತವೆ. ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 14 ಪಿಎಸ್‌ಐ ಮಾತ್ರ ಸಿಗುತ್ತದೆ. ಅಂದರೆ ಟ್ಯಾಂಕು ಫ್ರಿಜ್ಜಿಗಿಂತ 14 ಮೀಟರ್ ಮೇಲಿದ್ದರೆ ಸರಿ, ಸ್ವಂತ ಮನೆಯ ತಾರಸಿಯ ಟ್ಯಾಂಕಿನ ಮೂರು ನಾಲ್ಕು ಮೀಟರಿನಲ್ಲಿ ಆಗುವುದಿಲ್ಲ. ಬಹುಮಹಡಿ ಕಟ್ಟಡದಲ್ಲೂ ಕೆಳಗಿನ ಮನೆಗೆ ಒತ್ತಡ ಸಿಕ್ಕೀತು, ತೀರ ಮೇಲಿನ ಮನೆಗೆ ಸಿಗಲಾರದು. ಅದಕ್ಕೆ ಸಣ್ಣ ಬೂಸ್ಟರ್ ಪಂಪ್ ಹಾಕಿರುತ್ತಾರೆ. ಕರೆಂಟು ಹೋಗಿ ಬಂದ ಮೇಲೆ ಆ ಪಂಪಿನ ಸ್ವಿಚ್ಚು ಬಿದ್ದಿದೆಯೋ, ಅದರಲ್ಲಿ ಗಾಳಿ ಸಿಕ್ಕಿಕೊಂಡಿದೆಯೋ ಎಂದು ಮೊದಲು ನೋಡಬೇಕು. ಫ್ರಿಜ್ಜೊಳಗೇ ಟ್ಯಾಂಕಿಟ್ಟು ಕೈಯಿಂದ ನೀರು ತುಂಬುವ ಮಾದರಿಗಳೂ ಅಲ್ಲಿವೆ. ಅವುಗಳಿಗೆ ಈ ಒತ್ತಡದ ರಗಳೆಯಿಲ್ಲ. ನಮ್ಮ ಊರುಗಳ ಮಟ್ಟಿಗೆ ನಾನು ಮೆಚ್ಚುವುದು ಅವನ್ನೇ. ಟ್ಯಾಂಕಿನಲ್ಲಿ ದಿನಗಟ್ಟಲೆ ನಿಂತ ನೀರನ್ನು ಚೆಲ್ಲಿ, ಹೊಸ ಕುಡಿಯುವ ನೀರು ತುಂಬಿದರಾಯಿತು. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಸುಣ್ಣ ಕಟ್ಟುತ್ತದೆ, ಅದು ಬೇಡ.

ಇಷ್ಟೆಲ್ಲ ನೋಡಿದ ಮೇಲೂ ಐಸು ಬೀಳದಿದ್ದರೆ ನಿಜವಾಗಿ ಏನೋ ಕೆಟ್ಟಿದೆ. ಕರೆಂಟು ತಿರುಗಿ ಬರುವ ಹೊತ್ತಿಗೆ ಒಮ್ಮೊಮ್ಮೆ ವೋಲ್ಟೇಜು ಹಾರುತ್ತದೆ. ಆಗ ಬೋರ್ಡೋ, ವಾಲ್ವಿನ ಸುರುಳಿಯೋ ಸುಟ್ಟುಹೋಗುವುದುಂಟು. ಸುಟ್ಟ ವಾಸನೆ ಬಂದರೆ, ಬ್ರೇಕರ್ ಮತ್ತೆ ಮತ್ತೆ ಬಿದ್ದರೆ, ಅಚ್ಚಿನಿಂದ ನೀರು ಉಕ್ಕಿ ನಿಲ್ಲದೆ ಸುರಿದರೆ ಇನ್ನು ಕೈ ಹಾಕಬೇಡಿ. ಪ್ಲಗ್ಗು ಕಿತ್ತು, ಹಿಂದಿನ ನೀರಿನ ವಾಲ್ವ್ ಮುಚ್ಚಿ, ಮೆಕ್ಯಾನಿಕ್ಕಿಗೆ ಫೋನು ಮಾಡಿ. ಬಂದವನು ಪರೀಕ್ಷೆ ಮಾಡದೆ ಬಾಗಿಲಲ್ಲೇ ನಿಂತು ಇಡೀ ಯಂತ್ರ ಬದಲಿಸಬೇಕು ಅಂದರೆ, ಯಾವ ಭಾಗ ಕೆಟ್ಟಿದೆ, ಮೀಟರ್ ಇಟ್ಟು ತೋರಿಸು ಎಂದು ಕೇಳುವ ಹಕ್ಕು ನಿಮಗಿದೆ. ಒಳ್ಳೆಯ ಮೆಕ್ಯಾನಿಕ್ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಸಂತೋಷದಿಂದಲೇ ತೋರಿಸುತ್ತಾನೆ.

ಮುಂದಿನ ಬಿರುಗಾಳಿಯ ಸುದ್ದಿ ಬಂದಾಗ ಐಸ್ ಮೇಕರನ್ನು ಹಿಂದಿನ ದಿನವೇ ಬಂದ್ ಮಾಡಿ. ಡಬ್ಬಿಯ ಐಸನ್ನು ಜಿಪ್ ಚೀಲಗಳಿಗೆ ತುಂಬಿ ಫ್ರೀಜರಿನ ಖಾಲಿ ಜಾಗಗಳಿಗೆ ತುರುಕಿ. ಖಾಲಿ ಫ್ರೀಜರಿಗಿಂತ ತುಂಬಿದ ಫ್ರೀಜರು ಹೆಚ್ಚು ಹೊತ್ತು ಥಂಡಿ ಹಿಡಿಯುತ್ತದೆ, ಕರಗಿದರೂ ನೀರು ಚೀಲದಲ್ಲೇ ಉಳಿಯುತ್ತದೆ, ಬಂಡೆ ಕಟ್ಟುವುದಿಲ್ಲ. ಒಂದು ಲೋಟ ನೀರನ್ನು ಗಟ್ಟಿ ಮಾಡಿ ಅದರ ಮೇಲೊಂದು ನಾಣ್ಯ ಇಟ್ಟುಬಿಡಿ. ಮನೆ ಬಿಟ್ಟು ಹೋಗಿ ಬಂದಾಗ ನಾಣ್ಯ ಲೋಟದ ತಳದಲ್ಲಿ ಕಂಡರೆ, ನಡುವೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ಗೊತ್ತಾಗುತ್ತದೆ. ಹಾಗೆಯೇ ಫ್ರಿಜ್ಜಿನ ಒಳಗೋಡೆಗೆ ಅಂಟಿಸಿರುವ ಚೀಟಿಯ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಮಾದರಿ ಸಂಖ್ಯೆ ಅದರಲ್ಲಿರುತ್ತದೆ. ಊರಿಗೆ ಊರೇ ಮೆಕ್ಯಾನಿಕ್ಕಿಗಾಗಿ ಕಾಯುತ್ತಿರುವ ಹೊತ್ತಲ್ಲಿ ಆ ಸಂಖ್ಯೆಯನ್ನೂ, ಲೋಟದ ಪರೀಕ್ಷೆಯಲ್ಲಿ ಏನಾಯಿತು ಎಂಬುದನ್ನೂ, ಥರ್ಮಾಮೀಟರ್ ಎಷ್ಟು ತೋರಿಸುತ್ತಿದೆ ಎಂಬುದನ್ನೂ ಫೋನಿನಲ್ಲೇ ಹೇಳಿದರೆ, ನಾನು ಸರಿಯಾದ ಬಿಡಿಭಾಗವನ್ನು ಜೊತೆಗೇ ತಂದು ಒಂದೇ ಭೇಟಿಯಲ್ಲಿ ಕೆಲಸ ಮುಗಿಸಿ ಪಕ್ಕದ ಮನೆಗೆ ಹೋಗಬಹುದು.